ಮರಿಬಸಪ್ಪನ ಅಪೀಲು

ಸಿರುಗುಪ್ಪದ ಗಾದಿಲಿಂಗಪ್ಪ ಹೊಳೆಯಾಚೆಯ ನಿಜಾಮನ ಸೀಮೆಯನ್ನು ಬಿಡಿಸಲು ಹೋರಾಡಿದವನು ಎಂದು ಊರಿನಲ್ಲಿ ಹೇಳುತ್ತಿದ್ದರು. ಹೆಚ್ಚಾಗಿ ಅವನೇ ಹೇಳುತ್ತಿದ್ದ. ನಲವತ್ತೆಂಟರಲ್ಲಿ ಅವನು ಗಡಿಯ ಕ್ಯಾಂಪಿನಲ್ಲಿ ಏಳು ತಿಂಗಳು ಇದ್ದದ್ದು ನಿಜ. ಎಷ್ಟು ಗುಂಡು ಹಾರಿಸಿದ ಎಂಬುದಕ್ಕೆ ಸಾಕ್ಷಿಯಿಲ್ಲ. ಎಷ್ಟು ರೊಟ್ಟಿ ತಿಂದ ಎಂಬುದಕ್ಕೆ ಮನೆಯಿಂದ ಬುತ್ತಿ ಕಟ್ಟಿ ಕಳಿಸುತ್ತಿದ್ದ ಹೆಂಗಸರೇ ಸಾಕ್ಷಿ. ನಿಜಾಮನ ಆಳ್ವಿಕೆ ಮುಗಿದು ಕ್ಯಾಂಪು ಎದ್ದ ಮೇಲೆ, ಆಯುಧಗಳನ್ನೆಲ್ಲ ಪೊಲೀಸರಿಗೆ ಒಪ್ಪಿಸಬೇಕೆಂದು ಡಂಗುರ ಹೊಡೆಸಿದರು. ಗಾದಿಲಿಂಗಪ್ಪ ಬಂದೂಕು ಒಪ್ಪಿಸಿ ಪಿಸ್ತೂಲು ಉಳಿಸಿಕೊಂಡ. ಅದು ಅಂಗಿಯೊಳಗೆ ಇದ್ದಾಗ ಅವನ ನಡಿಗೆಯೇ ಬೇರೆಯಾಗುತ್ತಿತ್ತು.

ಮರುವರ್ಷ ಬೇಸಿಗೆಗೆ ಪೊಲೀಸರು ಮನೆಮನೆ ಹೊಕ್ಕು ಜಡತಿ ಮಾಡುತ್ತಾರೆಂದು ಸುದ್ದಿ ಬಂತು. ಗಾದಿಲಿಂಗಪ್ಪ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿದ. ತೆಕ್ಕಲಕೋಟೆಯ ಗೆಳೆಯ ಓಬಣ್ಣನ ಮನೆಗೆ ಪಿಸ್ತೂಲು ಸಾಗಿಸಬೇಕೆಂದುಕೊಂಡ. ತಾನೇ ಒಯ್ಯುವ ಧೈರ್ಯ ಇರಲಿಲ್ಲ. ತೀರಿಹೋದ ತಮ್ಮನ ಮಗ ಮರಿಬಸಪ್ಪನನ್ನು ಕರೆದ. ಹದಿನೈದು ವರ್ಷದ ಹುಡುಗ, ದೊಡ್ಡಪ್ಪ ಹೇಳಿದ್ದಕ್ಕೆ ಇಲ್ಲ ಅಂದವನಲ್ಲ. ಹುಡುಗನ ತಾಯಿ ಚನ್ನವೀರಮ್ಮ ಓಬಣ್ಣನ ಮನೆಗೆಂದು ಒಂದು ಚೀಲದಲ್ಲಿ ಮಂಡಕ್ಕಿ ತುಂಬಿ ಕೊಟ್ಟಳು. ಅದರ ತಳಕ್ಕೆ ಗಾದಿಲಿಂಗಪ್ಪ ಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು ಇಟ್ಟ. ಏನೋ ಗಟ್ಟಿ ಇದೆಯೆಂದು ಹುಡುಗನಿಗೆ ತಿಳಿಯಿತು, ಕೇಳಲಿಲ್ಲ. ಬಸ್ಸಿನ ಹತ್ತಿರ ನಿಂತಿದ್ದ ಪೇದೆಗೆ ಹಸಿವಾಗಿತ್ತೋ ಏನೋ, ಒಂದು ಮುಕ್ಕು ಮಂಡಕ್ಕಿಗೆ ಚೀಲ ಎಳೆದುಕೊಂಡ. ಚೀಲ ಕೈಗೆ ಭಾರವಾಗಿ ಬಂತು.

"ಮಂಡಕ್ಕಿ ಇಷ್ಟು ವಜ್ಜಿ ಬರೋದು ನಾನು ಇವತ್ತೇ ನೋಡಿದ್ದು" ಎಂದು ಅವನು ಚೀಲ ಸುರಿದ.

ಅಷ್ಟು ಬುದ್ಧಿ ಗಾದಿಲಿಂಗಪ್ಪನಿಗೆ ಇದ್ದಿದ್ದರೆ ಅಕ್ಕಿ ಚೀಲದಲ್ಲಿ ಇಡುತ್ತಿದ್ದ. ಆದರೆ ಆ ಮನೆಯಲ್ಲಿ ಅವನೇ ಎಲ್ಲರಿಗಿಂತ ಬುದ್ಧಿವಂತ ಎಂದು ಅವನ ತಾಯಿ ವೀರಭದ್ರಮ್ಮ ಮೂವತ್ತು ವರ್ಷದಿಂದ ನಂಬಿದ್ದಳು. ಮಧ್ಯಾಹ್ನ ಹುಡುಗನನ್ನು ಕೂಡಿಸಿದ್ದ ಠಾಣೆಗೆ ಬುತ್ತಿ ತಗೊಂಡು ಹೋದವಳು ಅವಳೇ, ಹಿಂದೆ ಸೆರಗು ಹೊದ್ದು ಚನ್ನವೀರಮ್ಮ. ಪೇದೆ ಆಚೆ ಸರಿದಾಗ ಮುದುಕಿ ಮೊಮ್ಮಗನ ಎದೆಯ ಮೇಲಿನ ಲಿಂಗವನ್ನು ಅವನ ಅಂಗೈಯಲ್ಲಿ ಇಡಿಸಿದಳು.

"ನಿಮ್ಮ ದೊಡ್ಡಪ್ಪನ ಹೆಸರು ಬಾಯಾಗ ಬರಬಾರದು. ಹೊಳಿ ದಂಡ್ಯಾಗ ಸಿಕ್ತು ಅನ್ನು. ಲಿಂಗ ಮುಟ್ಟಿ ಆಣಿ ಮಾಡು."

"ನನ್ನ ಒಳಗ ಹಾಕ್ತಾರ ಅಜ್ಜಿ."

"ಹುಡುಗರಿಗೆ ಜೈಲು ಇಲ್ಲಲೇ. ನಾಕು ಬೈದು ಕಳಿಸ್ತಾರ. ಅವನು ಹೋದ್ರ ಮನಿ ಕಂಬಾನ ಬಿತ್ತು."

ಹುಡುಗ ತಾಯಿಯ ಮುಖ ನೋಡಿದ. ಚನ್ನವೀರಮ್ಮನಿಗೆ ಬೇಡ ಅನ್ನಬೇಕು ಅನ್ನಿಸಿತು. ಅತ್ತೆಯ ಎದುರು ಮಾತಾಡಿ ಅವಳಿಗೆ ರೂಢಿ ಇರಲಿಲ್ಲ. ಭಾವನ ಜೊತೆಗಂತೂ ಮದುವೆಯಾಗಿ ಹದಿನೇಳು ವರ್ಷದಲ್ಲಿ ಒಂದು ಮಾತೂ ನೇರವಾಗಿ ಆಡಿರಲಿಲ್ಲ. ತಮ್ಮನ ಹೆಂಡತಿ ಭಾವನಿಗೆ ಮುಖ ತೋರಿಸುವುದು ಆ ಮನೆಯ ರೀತಿಯಲ್ಲ. ಅವಳು ರೊಟ್ಟಿ ಗಂಟು ಬಿಚ್ಚಿ ಮಗನ ಮುಂದೆ ಇಟ್ಟಳು, ಅಷ್ಟೇ. ಮರಿಬಸಪ್ಪ ಆಣೆ ಮಾಡಿದ.

ಬಳ್ಳಾರಿಯಲ್ಲಿ ಹುಡುಗರ ಕೋರ್ಟಿನ ಮ್ಯಾಜಿಸ್ಟ್ರೇಟರು ಮೂರು ಸಲ ಕೇಳಿದರು. ಮೂರು ಸಲವೂ ಹುಡುಗ ಹೊಳೆ ದಂಡೆ ಅಂದ. ಪಿಸ್ತೂಲಿಗೆ ಎಣ್ಣೆ ಹಚ್ಚಿ ಒರೆಸಿ ಇಟ್ಟಿದ್ದು ಅವರಿಗೂ ಕಾಣುತ್ತಿತ್ತು. ಹುಡುಗ ಸುಳ್ಳಿನಲ್ಲಿ ಪಳಗಿದ್ದಾನೆ, ಪಶ್ಚಾತ್ತಾಪವಿಲ್ಲ, ತಂದೆಯಿಲ್ಲದ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲ ಎಂದು ಬರೆದು, ಮೂರು ವರ್ಷ ಸರ್ಕಾರದ ಸುಧಾರಣಾ ಶಾಲೆಗೆ ಹಾಕಿದರು. ನಾಕು ಬೈದು ಕಳಿಸುವ ಮಾತು ಅಲ್ಲಿಗೆ ಮುಗಿಯಿತು.

ಅವತ್ತು ಮನೆಯಲ್ಲಿ ಪುಂಡಿಪಲ್ಲೆ, ರೊಟ್ಟಿ. ಗಾದಿಲಿಂಗಪ್ಪ ಪಡಸಾಲೆಯಲ್ಲಿ ಉಣ್ಣಲು ಕೂತ. ಅವನ ಹೆಂಡತಿ ಹಂಪಕ್ಕ ಬಡಿಸುತ್ತಿದ್ದಳು. ಅಡುಗೆಮನೆಯ ಗೋಡೆಯ ಹಿಂದಿನಿಂದ ಚನ್ನವೀರಮ್ಮನ ದನಿ ಬಂತು.

"ಅಕ್ಕ, ಭಾವಾರಿಗೆ ಕೇಳ್ರಿ. ಊಟ ರುಚಿ ಆಗೇತೇನು ಅಂತ."

ಹಂಪಕ್ಕ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಗಾದಿಲಿಂಗಪ್ಪ ಹೆಂಡತಿಗೇ ಹೇಳಿದ: "ಆಕಿಗೆ ಹೇಳು, ನನಗೂ ಹೊಟ್ಟಿ ಉರೀತೈತಿ ಅಂತ. ಆದ್ರ ಸಾಲ್ಯಾಗ ಅದಾನ, ಜೈಲಿನಾಗಲ್ಲ. ಕೆಲಸ ಕಲಿಸ್ತಾರ. ಬಡಗಿ ಕೆಲಸ, ಹೊಲಿಗಿ ಕೆಲಸ."

"ಅಕ್ಕ, ಭಾವಾರಿಗೆ ಹೇಳ್ರಿ. ಅವರೂ ಕಲೀಲಿ ಅಂತ. ಅವರ ಪಿಸ್ತೂಲಿನ ಸಾಲಿ ಅದು."

ವೀರಭದ್ರಮ್ಮ ಸೊಸೆಯನ್ನು ಗದರಿದಳು. ಗಾದಿಲಿಂಗಪ್ಪ ರೊಟ್ಟಿ ಬಿಟ್ಟು ಎದ್ದ. ಮರುದಿನದಿಂದ ಅವನು ಉಂಡ ತಟ್ಟೆಯನ್ನು ಚನ್ನವೀರಮ್ಮ ತೊಳೆಯಲಿಲ್ಲ. ಹಿತ್ತಲಲ್ಲಿ ಇಟ್ಟ ತಟ್ಟೆಗೆ ಇರುವೆ ಮುತ್ತಿದವು. ಸಂಜೆಗೆ ಹಂಪಕ್ಕ ಗೊಣಗುತ್ತ ತೊಳೆದಳು.

ಚನ್ನವೀರಮ್ಮನ ಅಣ್ಣ ಹಾಲಸಿದ್ದಪ್ಪ ಕುರುಗೋಡಿನವನು. ನಾಲ್ಕು ಎಕರೆ ಶೇಂಗಾ ಹೊಲ, ಮಾತು ಕಡಿಮೆ. ಸುದ್ದಿ ಕೇಳಿ ಬಂದು ತಂಗಿಯನ್ನು ಬಳ್ಳಾರಿಗೆ ಕರೆದುಕೊಂಡು ಹೋದ. ಸತ್ಯನಾರಾಯಣಪೇಟೆಯಲ್ಲಿ ಎಲ್ಲರೂ ಪಂತುಲು ಎಂದು ಕರೆಯುವ ಒಬ್ಬ ವಕೀಲರಿದ್ದರು. ಮನೆಮಾತು ತೆಲುಗು, ಸಿಟ್ಟು ಮಾತ್ರ ಕನ್ನಡದಲ್ಲಿ. ನಡೆದದ್ದು ಕೇಳಿ, ತೀರ್ಪು ಓದಿ ಮೂಗಿನ ಮೇಲಿನ ಕನ್ನಡಕ ತೆಗೆದರು.

"ಚೂಡಮ್ಮಾ, ಇಲ್ಲಿ ನೋಡು, ಅಪೀಲಿಗೆ ಮೂವತ್ತು ದಿವಸ ಇದೆ. ಹಾಕೋಣ. ಆದರೆ ಹೊಳೆ ದಂಡೆ ಕಥೆ ಹೇಳಿಕೊಂಡು ಗೆಲ್ಲೋದಿಲ್ಲ. ಮನೆಯ ಹಿರಿಯರು ಕೊಟ್ಟ ಚೀಲ, ಒಳಗೆ ಏನಿದೆ ಹುಡುಗನಿಗೆ ಗೊತ್ತಿಲ್ಲ. ಇದು ನಿಜ ತಾನೆ?"

ಅವಳು ತಲೆಯಾಡಿಸಿದಳು.

"ಹಾಗಾದರೆ ಹುಡುಗ ಇದನ್ನೇ ಹೇಳಲಿ. ಕೊಟ್ಟವರೂ ಬಂದು ಒಪ್ಪಿಕೊಂಡರೆ ಅವತ್ತೇ ಬಿಡುತ್ತಾರೆ. ಒಪ್ಪದಿದ್ದರೂ ಹುಡುಗನ ಮಾತು, ನಿನ್ನ ಮಾತು ಒಂದೇ ಆಗಿರಬೇಕು. ಇಬ್ಬರ ಮಾತು ಕೂಡಿದರೆ ನಾನು ನೋಡಿಕೊಳ್ತೀನಿ."

"ಆಣಿ ಮಾಡ್ಯಾನ್ರಿ" ಅಂದಳು ಚನ್ನವೀರಮ್ಮ.

"ಯಾರ ಮೇಲೆ?"

"ಲಿಂಗದ ಮ್ಯಾಲ."

ಪಂತುಲು ತೀರ್ಪಿನ ಕಾಗದ ಮಡಿಚಿಟ್ಟರು. "ಕಾನೂನಿನಲ್ಲಿ ಅದಕ್ಕೆ ಮದ್ದಿಲ್ಲಮ್ಮಾ. ಮನೆಯಲ್ಲಿ ಇದ್ದರೆ ನೋಡಿಕೊಳ್ಳಿ" ಅಂದರು. ಫೀಸಿನ ಮಾತನ್ನು ಹಾಲಸಿದ್ದಪ್ಪ ಹೊರಗೆ ನಿಂತು ಮುಗಿಸಿಕೊಂಡ, ತಂಗಿಗೆ ಹೇಳಲಿಲ್ಲ.

ಸಿರುಗುಪ್ಪಕ್ಕೆ ಬಂದು ಹಾಲಸಿದ್ದಪ್ಪ ಗಾದಿಲಿಂಗಪ್ಪನನ್ನು ಎದುರು ಕೂಡಿಸಿಕೊಂಡು ಕೇಳಿದ. ಗಾದಿಲಿಂಗಪ್ಪ ಖಾದಿ ಅಂಗಿಯ ತೋಳು ಸರಿಮಾಡಿಕೊಂಡ. ಪಂಚಾಯ್ತಿ ಬೋರ್ಡಿನ ಅಧ್ಯಕ್ಷಗಿರಿಗೆ ಅವನ ಹೆಸರು ನಡೆಯುತ್ತಿತ್ತು.

"ಬೀಗರ, ನಾ ಹೋಗಿ ನಂದು ಅಂದ್ರ ನನಗೂ ಮೂರು ವರ್ಷ. ಹುಡುಗ ಬರ್ತಾನ, ನಾ ಹೋಗ್ತೀನಿ. ಗದ್ದಿ ಯಾರು ನೋಡೋರು? ಕಾಲುವಿ ನೀರಿಗೆ ಯಾರು ಬಡದಾಡೋರು?"

"ನಿನಗ ಹದಿನೈದು ವರ್ಷ ಇದ್ದಾಗ ಯಾರು ಬಡದಾಡಿದ್ರು? ಆಗೂ ನಡೀತಲ್ಲ."

"ನನ್ನ ಎರಡು ಹೆಣ್ಣುಮಕ್ಕಳ ಲಗ್ನ ಆಗಬೇಕ್ರಿ" ಅಂದಳು ಬಾಗಿಲಲ್ಲಿದ್ದ ಹಂಪಕ್ಕ. "ಅಪ್ಪ ಜೈಲಿಗೆ ಹೋದ ಮನಿ ಹೆಣ್ಣು ಯಾರು ತರ್ತಾರ?"

"ಜೈಲಿಗೆ ಹೋದ ಹುಡುಗಗ ಹೆಣ್ಣು ಕೊಡ್ತಾರೇನಕ್ಕ?" ಒಳಗಿಂದ ಚನ್ನವೀರಮ್ಮ ಕೇಳಿದಳು.

ಹಂಪಕ್ಕ ಬಾಗಿಲಿನಿಂದ ಹಿತ್ತಲಿಗೆ ಸರಿದಳು. ಅವಳು ಕೆಟ್ಟವಳಲ್ಲ; ತನ್ನ ಎಲೆಯಲ್ಲಿ ಬಿದ್ದದ್ದು ಮೊದಲು ನೋಡಿಕೊಳ್ಳುವವಳು, ಲೋಕದಲ್ಲಿ ಬಹಳ ಜನ ಹಾಗೆಯೇ. ಅಂದು ಹಾಲಸಿದ್ದಪ್ಪ ಆ ಮನೆಯಲ್ಲಿ ನೀರು ಕೂಡ ಕುಡಿಯದೆ ಬಸ್ಸಿಗೆ ಹೋದ.

ಅಪೀಲು ದಾಖಲಾಯಿತು. ಗದ್ದೆಗೆ ಸಸಿ ಹಾಕುವ ದಿನಗಳು ಬಂದವು. ಚನ್ನವೀರಮ್ಮ ಆಳುಗಳ ಜೊತೆ ಕೆಸರಿನಲ್ಲಿ ಇಳಿದಳು, ಬಂದು ರೊಟ್ಟಿ ಬಡಿದಳು, ಎಮ್ಮೆ ಕರೆದಳು. ಎಲ್ಲ ಕೆಲಸ ಮಾಡಿದಳು, ಭಾವನ ತಟ್ಟೆ ತೊಳೆಯುವುದು ಒಂದನ್ನು ಬಿಟ್ಟು. ಮನೆಯಲ್ಲಿ ಮಾತು ಉಪ್ಪು, ಸೀಮೆಎಣ್ಣೆ, ರೇಷನ್ನಿನ ಸಕ್ಕರೆ ಇಷ್ಟಕ್ಕೇ ಉಳಿಯಿತು.

ತಿಂಗಳಿಗೊಂದು ಭಾನುವಾರ ಶಾಲೆಯಲ್ಲಿ ಹುಡುಗರನ್ನು ನೋಡಲು ಬಿಡುತ್ತಿದ್ದರು. ಎರಡನೆಯ ತಿಂಗಳ ಭಾನುವಾರ ವೀರಭದ್ರಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೊಮ್ಮಗನ ತಲೆ ಬೋಳಿಸಿದ್ದರು, ಕಿವಿ ದೊಡ್ಡದಾಗಿ ಕಾಣುತ್ತಿದ್ದವು. ಅವನು ಅಜ್ಜಿ ತಂದ ಕರಿಗಡಬು ಎರಡು ತಿಂದು ಕೈ ಒರೆಸಿಕೊಂಡು ಕೇಳಿದ:

"ಅಜ್ಜಿ, ಇಲ್ಲಿ ಮೇಷ್ಟ್ರು ಒಬ್ಬರು ದಿನಾ ಕೇಳ್ತಾರ, ಯಾರು ಕೊಟ್ರಲೇ ಅಂತ. ಛಲೋ ಮನುಷ್ಯಾರು. ಅವರಿಗೂ ಸುಳ್ಳ ಹೇಳ್ಬೇಕೇನು? ಮೂರು ವರ್ಷಾನೂ?"

ಮುದುಕಿ ಕರಿಗಡಬಿನ ಗಂಟು ಪಕ್ಕಕ್ಕಿಟ್ಟಳು. ತಾನು ಮಾಡಿದ್ದು ಏನೆಂದು ಅವಳಿಗೆ ಆಗ ಪೂರಾ ತಿಳಿಯಿತು. ಎದ್ದು ಮೊಮ್ಮಗನ ಎದೆಯ ಮೇಲಿನ ಲಿಂಗದ ಮೇಲೆ ಕೈ ಇಟ್ಟಳು.

"ಮಠದ ಅಯ್ಯನವರನ್ನ ಕೇಳಿ ಬಂದೀನಿ. ಆಣಿ ಹಾಕಿದಾಕಿನ ತಗೋಬೇಕಂತ. ನಾ ಹಾಕಿದ ಆಣಿ ನಾನ ತಗೊಂಡೀನಿ. ಪಾಪ ಇದ್ರ ನನಗಿರಲಿ. ಜಡ್ಜಿ ಮುಂದ ಇದ್ದದ್ದು ಇದ್ದಂಗ ಹೇಳಿಬಿಡು."

"ದೊಡ್ಡಪ್ಪ?"

"ಅವನ ಹಣಿಬಾರ ಅವಂಗ."

ಚನ್ನವೀರಮ್ಮ ಅತ್ತೆಯ ಕಾಲು ಮುಟ್ಟಿದಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಗಂಟಿನಿಂದ ಉಗ್ಗಾಣಿ ತಿಂದರು. ಮಗ ಮನೆಗೆ ಬಂದರೆ ಮತ್ತೆ ಸಾಲಿಗೆ ಹಾಕಬೇಕು, ಒಂದು ವರ್ಷ ಹಾಳಾದರೂ ಚಿಂತೆಯಿಲ್ಲ ಎಂದು ಸೊಸೆ ಹೇಳಿದಳು. ಅತ್ತೆ ಹೂಂಗುಟ್ಟಿದಳು.

ವಿಚಾರಣೆಗೆ ಇನ್ನು ಐದು ದಿನ. ಇಲ್ಲಿ ವೀರಭದ್ರಮ್ಮ ತನ್ನ ಜನ್ಮದ ತಪ್ಪು ಮಾಡಿದಳು. ಗಂಡ ಸತ್ತಾಗಿನಿಂದ ಆ ಮನೆಯಲ್ಲಿ ಹಿರಿಮಗನಿಗೆ ಹೇಳದೆ ಅವಳು ಒಂದು ಬದನೆಕಾಯಿ ಕೊಂಡವಳಲ್ಲ; ಬೀಜ ಬಿತ್ತಿದರೂ, ಎಮ್ಮೆ ಕರು ಹಾಕಿದರೂ, ಸೊಸೆಯನ್ನು ತವರಿಗೆ ಕಳಿಸಿದರೂ ಮೊದಲು ಅವನ ಕಿವಿಗೆ ಬೀಳಬೇಕು. ಅವನನ್ನು ಜೈಲಿಗೆ ಕಳಿಸುವ ಮಾತನ್ನೂ ಅವಳು ಅವನಿಗೇ ಹೇಳಿದಳು. ಮುಚ್ಚಿಟ್ಟು ಮಾಡಿದರೆ ಮೋಸವಾಗುತ್ತದೆ ಎಂದು ಅವಳ ಧರ್ಮ.

"ಗಾದಿಲಿಂಗ, ನಾ ಆಣಿ ಬಿಡಿಸಿ ಬಂದೀನಿ. ನೀನು ಗಂಡಸಿನಂಗ ಹೋಗಿ ಒಪ್ಕೊ. ಹುಡುಗ ಹೇಳೋದಕ್ಕಿಂತ ನೀನ ಹೇಳಿದ್ರ ಮರ್ಯಾದಿ."

ಗಾದಿಲಿಂಗಪ್ಪ ಸಿಟ್ಟಾಗಲಿಲ್ಲ. "ಆತು ಬಿಡವ್ವ, ವಿಚಾರ ಮಾಡ್ತೀನಿ" ಎಂದು ಮಜ್ಜಿಗೆ ಕುಡಿದ. ಮುದುಕಿಗೆ ಸಮಾಧಾನವಾಯಿತು, ಮಗ ದೊಡ್ಡವನಾದ ಅಂದುಕೊಂಡಳು. ಚನ್ನವೀರಮ್ಮನಿಗೆ ಹೇಳಿದಾಗ ಅವಳ ಕೈಯಲ್ಲಿದ್ದ ಮೊರ ಕೆಳಗಿಳಿಯಿತು.

"ಯಾಕ ಹೇಳಿದ್ರಿ ಅತ್ತಿ?"

"ಮನಿ ಯಜಮಾನ ಅಲ್ಲೇನವ್ವ?"

ಮನೆ ಯಜಮಾನ ಮರುದಿನ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದ. ಭಾನುವಾರ ಅಲ್ಲದಿದ್ದರೂ ಕ್ಯಾಂಪಿನ ಹೋರಾಟಗಾರ, ಖಾದಿ ತೊಟ್ಟವನು ಎಂದು ಶಾಲೆಯ ಬಾಗಿಲು ತೆರೆಸಿಕೊಂಡ. ಹುಡುಗನಿಗೆ ಒಂದು ಹೊಸ ಅಂಗಿ, ಒಂದು ಪೊಟ್ಟಣ ಮೈಸೂರು ಪಾಕು. ಅವನು ಹೆದರಿಸಲಿಲ್ಲ, ಬೈಯಲಿಲ್ಲ. ಲೆಕ್ಕ ಹೇಳಿದ.

"ನಿಮ್ಮವ್ವಗ ಹಿಂದಿಲ್ಲ ಮುಂದಿಲ್ಲ. ನಿಮ್ಮ ಮಾಮ ಶೇಂಗಾ ಹೊಲದಾಗ ತನ್ನ ಮಕ್ಕಳನ್ನ ಸಾಕೋದ ಕಷ್ಟ. ನಾ ಹೋದ್ರ ಗದ್ದಿ ಬೀಳು ಬೀಳ್ತೈತಿ, ನಿಮ್ಮ ದೊಡ್ಡವ್ವ ಆಕಿನ್ನ ಒಂದಿನ ಇಟ್ಕೊಳ್ಳಾಂಗಿಲ್ಲ. ನಾ ಇದ್ರ ನಿಮ್ಮವ್ವಗ ಎರಡು ಹೊತ್ತು ರೊಟ್ಟಿ, ಮೈಮ್ಯಾಲ ಸೀರಿ. ಲಿಂಗ ಮುಟ್ಟಿ ಹೇಳ್ತೀನಿ, ತಂಗಿ ಹಂಗ ನೋಡ್ಕೋತೀನಿ. ನೀನು ಮೂರು ವರ್ಷ ಕಣ್ಣು ಮುಚ್ಚು."

ಈ ಮನೆಯಲ್ಲಿ ಲಿಂಗ ಮುಟ್ಟುವವರಿಗೆ ಬರವಿರಲಿಲ್ಲ.

"ಅವ್ವ ಕೋರ್ಟಿನಾಗ ಹೇಳ್ತಾಳಂತಲ್ಲ ದೊಡ್ಡಪ್ಪ."

"ಹೇಳಲಿ. ಹೆಣ್ಣುಮಗಳು, ಸಂಕಟಕ್ಕ ಹೇಳ್ತಾಳ. ನಿನ್ನ ಕೇಳಿದಾಗ ಒಂದ ಮಾತು ಅನ್ನು" ಎಂದು ಆ ಒಂದು ಮಾತನ್ನು ಅವನಿಗೆ ಎರಡು ಸಲ ಹೇಳಿಕೊಟ್ಟು, ಗಾದಿಲಿಂಗಪ್ಪ ಮೂರರ ಬಸ್ಸಿಗೆ ತಿರುಗಿ ಬಂದ.

ವಿಚಾರಣೆಯ ದಿನ ಹಾಲಸಿದ್ದಪ್ಪ, ಚನ್ನವೀರಮ್ಮ, ವೀರಭದ್ರಮ್ಮ ಮೂವರೂ ಕೋರ್ಟಿನ ಬೇವಿನ ಮರದ ಕೆಳಗೆ ಬೆಳಗಿನಿಂದ ಕೂತರು. ಗಾದಿಲಿಂಗಪ್ಪ ಬರಲಿಲ್ಲ. ವಿಚಾರ ಮಾಡುತ್ತೇನೆ ಅಂದವನು ಹೋಗಿ ಹುಡುಗನಿಗೆ ಮಾತು ಕಲಿಸಿ ಬಂದಿದ್ದಾನೆ ಎಂದು ಮುದುಕಿಗೆ ಇನ್ನೂ ಗೊತ್ತಿರಲಿಲ್ಲ; ತಡವಾಗಿಯಾದರೂ ಬಂದಾನು ಎಂದು ದಾರಿ ನೋಡುತ್ತಿದ್ದಳು.

ನ್ಯಾಯಾಧೀಶರು ಮದ್ರಾಸ್ ಕಡೆಯವರು, ವಯಸ್ಸಾದವರು, ಮೆತ್ತಗಿನ ದನಿ. ಗುಮಾಸ್ತ ಕನ್ನಡದ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದ. ಪಂತುಲು ಅರ್ಧ ಗಂಟೆ ವಾದಿಸಿ, ತಾಯಿಯ ಹೇಳಿಕೆ ಕೇಳಬೇಕೆಂದು ಬೇಡಿಕೊಂಡರು. ಚನ್ನವೀರಮ್ಮ ಕಟಕಟೆ ಹತ್ತಿದಳು. ಸೆರಗು ತಲೆಯ ಮೇಲಿಂದ ಹಿಂದೆ ಸರಿಸಿದಳು.

"ಪಿಸ್ತೂಲು ನಮ್ಮ ಭಾವಂದು. ಹೆಸರು ಗಾದಿಲಿಂಗಪ್ಪ. ಮಂಡಕ್ಕಿ ತುಂಬಿದಾಕಿ ನಾನು, ಅದರಾಗ ಪಿಸ್ತೂಲು ಇಟ್ಟಾತ ಅವನು. ನನ್ನ ಮಗ ಹೊತ್ತಾನ, ಅಷ್ಟ. ಠಾಣ್ಯಾಗ ಆಣಿ ಹಾಕ್ಸಿದಾಗ ನಾನೂ ಅಲ್ಲೇ ಇದ್ದೆ. ಬ್ಯಾಡ ಅನ್ನಲಿಲ್ಲ. ಅದು ನನ್ನ ತಪ್ಪು."

ಭಾವನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೋರ್ಟಿನಲ್ಲಿದ್ದ ಸಿರುಗುಪ್ಪದ ಇಬ್ಬರು ಮುಖ ಮುಖ ನೋಡಿಕೊಂಡರು. ನ್ಯಾಯಾಧೀಶರು ಬರೆದುಕೊಂಡರು, ತಲೆ ಎತ್ತಿ ಹುಡುಗನ ಕಡೆ ನೋಡಿದರು. ಪಂತುಲು ಹಗುರವಾಗಿ ಉಸಿರು ಬಿಟ್ಟರು. ಇನ್ನು ಒಂದು ಹೂಂ ಸಾಕಿತ್ತು.

"ನಿನ್ನ ತಾಯಿ ಹೇಳಿದ್ದು ನಿಜವೇನಪ್ಪ?" ಗುಮಾಸ್ತ ಕೇಳಿದ.

ಮರಿಬಸಪ್ಪ ಹೊಸ ಅಂಗಿ ಹಾಕಿಕೊಂಡಿದ್ದ. ತಾಯಿಯ ಕಡೆ ನೋಡಲಿಲ್ಲ.

"ಸುಳ್ಳುರಿ. ಅವ್ವಗೂ ದೊಡ್ಡಪ್ಪಗೂ ಹೊಲದ ಪಾಲಿನ ಜಗಳ ಐತಿ. ಅದಕ್ಕ ಹಂಗ ಅಂತಾಳ. ಪಿಸ್ತೂಲು ನನಗ ಹೊಳಿ ದಂಡ್ಯಾಗ ಸಿಕ್ತು."

"ಲೇ ಮರಿಬಸ" ಅಂದಳು ವೀರಭದ್ರಮ್ಮ ಬಾಗಿಲಿನಿಂದ. "ನಾ ಆಣಿ ಬಿಡಿಸೀನಲ್ಲೋ."

ಪೇದೆ ಅವಳನ್ನು ಹೊರಗೆ ಕಳಿಸಿದ. ಚನ್ನವೀರಮ್ಮ ಕಟಕಟೆಯಿಂದ ಇಳಿಯುವುದು ಮರೆತು ನಿಂತಿದ್ದಳು. ಮಗ ತನ್ನನ್ನು ಸುಳ್ಳಿ ಅಂದದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ, ಅವನು ಯಾರ ಮಾತು ಆಡುತ್ತಿದ್ದಾನೆ ಎಂದು ಅಂಗಿ ನೋಡಿದ ಕೂಡಲೇ ತಿಳಿದು ಮೈಯೆಲ್ಲ ಉರಿಯಿತು. ಅಪೀಲು ವಜಾ ಆಯಿತು. ಮನೆಯವರೇ ಆಸ್ತಿಗಾಗಿ ಕಿತ್ತಾಡುತ್ತಾರೆ, ತಾಯಿಯೇ ಕೋರ್ಟಿನಲ್ಲಿ ಸುಳ್ಳು ಹೇಳುವವಳು, ಇಂಥ ಮನೆಗೆ ಹುಡುಗನನ್ನು ಕಳಿಸುವುದಕ್ಕಿಂತ ಶಾಲೆಯೇ ಮೇಲು ಎಂದು ತೀರ್ಪು.

ಪಂತುಲು ಹೊರಗೆ ಬಂದು ಹಾಲಸಿದ್ದಪ್ಪನಿಗೆ ಫೀಸಿನಲ್ಲಿ ಅರ್ಧ ವಾಪಸು ಕೊಟ್ಟರು. "ಮೂವತ್ತು ವರ್ಷದಲ್ಲಿ ಇಂಥ ಕೇಸು ಸೋತಿಲ್ಲ" ಅಂದರು. ಹುಡುಗನನ್ನು ವ್ಯಾನಿಗೆ ಹತ್ತಿಸುವಾಗ ಚನ್ನವೀರಮ್ಮ ಓಡಿದಳು. ಅವನು ಕಂಬಿಯ ಸಂದಿಯಿಂದ ಇಷ್ಟೇ ಅಂದ:

"ಸಿಟ್ಟಾಗಬ್ಯಾಡವ್ವ. ನಿನಗ ಊಟಕ್ಕ ತೊಂದ್ರಿ ಆಗಬಾರದು ಅಂತ ಹೇಳೀನಿ. ದೊಡ್ಡಪ್ಪ ಲಿಂಗ ಮುಟ್ಟಿ ಹೇಳ್ಯಾನ, ನಿನ್ನ ನೋಡ್ಕೋತಾನ."

ಸುದ್ದಿ ಅವರಿಗಿಂತ ಮೊದಲು ಸಿರುಗುಪ್ಪ ಸೇರಿತ್ತು. ಮನೆಗೆ ಬಂದಾಗ ಚನ್ನವೀರಮ್ಮನ ತಗಡಿನ ಪೆಟ್ಟಿಗೆ ಕಟ್ಟೆಯ ಮೇಲಿತ್ತು. ಗಾದಿಲಿಂಗಪ್ಪ ಪಡಸಾಲೆಯಲ್ಲಿ ಕೂತು ಹೆಂಡತಿಗೆ ಹೇಳಿದ:

"ಆಕಿಗೆ ಹೇಳು. ತುಂಬಿದ ಕೋರ್ಟಿನಾಗ ಭಾವನ ಹೆಸರು ತಗೊಂಡಾಕಿಗೆ ಈ ಮನ್ಯಾಗ ಜಾಗ ಇಲ್ಲ. ಮಗನ ಆಕಿನ್ನ ಸುಳ್ಳಿ ಅಂದಾನ."

ಹಂಪಕ್ಕ ಹೇಳಲಿಲ್ಲ. ಬಾಗಿಲ ಹಿಂದೆ ನಿಂತು ಅತ್ತಳು, ಆದರೆ ಪೆಟ್ಟಿಗೆ ಒಳಗೆ ಎತ್ತಿಡಲಿಲ್ಲ. ಚನ್ನವೀರಮ್ಮ ಅತ್ತೆಯ ಕಡೆ ತಿರುಗಿದಳು. ವೀರಭದ್ರಮ್ಮ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಬಾಯಿ ತೆರೆದಳು. ಠಾಣೆಯಲ್ಲಿ ಅಷ್ಟು ಮಾತಾಡಿದವಳಿಗೆ ಆಗ ಒಂದು ಮಾತೂ ಬರಲಿಲ್ಲ. ಎಪ್ಪತ್ತು ವರ್ಷದ ಮುದುಕಿ, ತುತ್ತು ಮಗನ ಕೈಯಲ್ಲಿ.

"ಭಾವ" ಎಂದು ಚನ್ನವೀರಮ್ಮ ನೇರವಾಗಿ ಅವನಿಗೇ ಹೇಳಿದಳು. "ನನ್ನ ಮಗನಿಗೆ ಲಿಂಗ ಮುಟ್ಟಿ ಮಾತು ಕೊಟ್ಟಿದ್ರಿ. ಅಧ್ಯಕ್ಷರಾಗ್ರಿ. ಚೆಂದ ಆಗ್ತೀರಿ."

ಹಾಲಸಿದ್ದಪ್ಪ ಪೆಟ್ಟಿಗೆ ಹೊತ್ತ.

ಕುರುಗೋಡಿನಲ್ಲಿ ಅಣ್ಣನ ಮನೆ ಎರಡು ಅಂಕಣದ್ದು, ಉಣ್ಣುವ ಬಾಯಿ ಏಳು. ಅತ್ತಿಗೆ ಎಲ್ಲಮ್ಮ ಏನೂ ಅನ್ನಲಿಲ್ಲ. ರೊಟ್ಟಿ ಬಡಿಯುವಾಗ ಮಾತ್ರ ಹಿಟ್ಟಿನ ಡಬ್ಬಿಯ ತಳ ಕೆರೆಯುವ ಸದ್ದು ಸ್ವಲ್ಪ ಜೋರಾಗಿ ಬರುತ್ತಿತ್ತು. ಚನ್ನವೀರಮ್ಮ ಸಾಹುಕಾರರೊಬ್ಬರ ಅಂಗಳದಲ್ಲಿ ಶೇಂಗಾ ಸುಲಿಯಲು ಹೋದಳು. ಬೆರಳ ತುದಿ ಒಡೆದವು. ಮಧ್ಯಾಹ್ನದ ರೊಟ್ಟಿ ಬಿಟ್ಟಳು, ಮನೆಗೆ ಹೊರೆಯಾಗಬಾರದೆಂದು. ಸಿರುಗುಪ್ಪದಲ್ಲಿ ಗಾದಿಲಿಂಗಪ್ಪ ಅಧ್ಯಕ್ಷನಾದ, ಹಾರ ಹಾಕಿಸಿಕೊಂಡ. ಯಾರೋ ಆ ಸುದ್ದಿ ತಂದಾಗ ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

ತಿಂಗಳ ಭಾನುವಾರ ಬಂತು. ಅವಳು ಎಲ್ಲಮ್ಮನ ಒಳ್ಳೆಯ ಸೀರೆ ಕೇಳಿ ಉಟ್ಟಳು. ಕೈಗೆ ಕೊಬ್ಬರಿಎಣ್ಣೆ ಹಚ್ಚಿ ತಿಕ್ಕಿದಳು. ಹಾಲಸಿದ್ದಪ್ಪ, "ಹುಡುಗಗ ಇದ್ದದ್ದು ಹೇಳಿಬಿಡು ತಂಗಿ, ಪಂತುಲು ಮ್ಯಾಲಿನ ಕೋರ್ಟಿಗೆ ಹಾಕಬಹುದು ಅಂತಾರ" ಅಂದ. ಅವಳು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಮೇಲಿನ ಕೋರ್ಟು ಮದ್ರಾಸಿನಲ್ಲಿ. ಅಲ್ಲಿಯೂ ಮೊದಲು ಓದುವುದು ಇದೇ ಕಾಗದ, ಮಗ ತಾಯಿಯನ್ನು ಸುಳ್ಳಿ ಅಂದ ಕಾಗದ. ನಡೆಯದ ಅಪೀಲಿಗಾಗಿ ಹುಡುಗನ ಕೈಯಲ್ಲಿರುವ ಒಂದೇ ಸಮಾಧಾನ ಕಿತ್ತುಕೊಂಡರೆ ಅವನು ಉಳಿದ ದಿನ ಹೇಗೆ ಕಳೆದಾನು ಎಂಬಲ್ಲಿಗೇ ಅವಳ ಯೋಚನೆ ಬಂದು ನಿಂತಿತು.

ಮರಿಬಸಪ್ಪ ಬೆಂಚಿನ ತುದಿಯಲ್ಲಿ ಕೂತ. ಗಂಟು ಬಿಚ್ಚಿ, ರೊಟ್ಟಿ ಮುರಿದ.

"ನಮ್ಮ ಎಮ್ಮಿ ತುಪ್ಪ ಹಚ್ಚೀಯೇನವ್ವ?"

"ಹೂಂ" ಅಂದಳು. ಅದು ಎಲ್ಲಮ್ಮ ಅಳೆದು ಕೊಟ್ಟ ಶೇಂಗಾಎಣ್ಣೆ.

"ದೊಡ್ಡಪ್ಪ ಮಾತು ಉಳಿಸ್ಕೊಂಡಾನ? ಬೈಯಲಿಲ್ಲ?"

"ಯಾಕ ಬೈತಾರ? ಛಲೋ ನೋಡ್ಕೋತಾರ."

"ಸೀರಿ ಅವರ ಕೊಡಿಸಿದ್ದೇನು?"

"ಅವರ."

ಹುಡುಗನ ಮುಖ ಅರಳಿತು. ಬಹಳ ದಿನದ ಮೇಲೆ ಅವನು ಮಕ್ಕಳಂತೆ ಬಾಯಿ ತುಂಬ ತಿನ್ನುವುದನ್ನು ಅವಳು ನೋಡಿದಳು.

"ಹಂಗಾದ್ರ ನಾ ಹೇಳಿದ್ದು ಛಲೋನ ಆತಲ್ಲವ್ವ" ಅಂದ.

"ಛಲೋ ಆತು" ಎಂದು ಚನ್ನವೀರಮ್ಮ ತನ್ನ ಪಾಲಿನ ರೊಟ್ಟಿಯನ್ನೂ ಅವನ ಮುಂದೆ ಇಟ್ಟಳು. "ಉಣ್ಣು. ನಂದು ಮನ್ಯಾಗ ಆಗೇತಿ."